ಕಣ್ಣು ಬಿಡಿಸುವ ಮನೆ

ಭಾನುವಾರಗಳಲ್ಲಿ ನಾನು ಕಡೂರಿನಿಂದ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿ ಸಂಜೆಯೊಳಗೆ ಮರಳುತ್ತೇನೆ. ದೂರವೇನೂ ಹೋಗುವುದಿಲ್ಲ. ತರೀಕೆರೆ, ಅಜ್ಜಂಪುರ, ಲಿಂಗದಹಳ್ಳಿ, ಮನಸ್ಸಾದರೆ ಅಂತರಘಟ್ಟೆ. ಫೋನಿನಲ್ಲಿ ನಾಲ್ಕೈದು ಚಿತ್ರ ತೆಗೆಯುತ್ತೇನೆ. ಅಜ್ಜಂಪುರದ ರೈಲು ನಿಲ್ದಾಣದಲ್ಲಿ ಈರುಳ್ಳಿ ಮೂಟೆಗೆ ಒರಗಿಸಿಟ್ಟ ಛತ್ರಿ, ತರೀಕೆರೆಯ ಹೋಟೆಲಿನ ಮೇಜಿನ ಮೇಲೆ ಕಾಫಿ ಲೋಟ ಬಿಟ್ಟುಹೋದ ಉಂಗುರ, ಲಿಂಗದಹಳ್ಳಿಯ ಬೇಲಿಯ ಮೇಲೆ ಒಣಗುತ್ತಿರುವ ಒಂಟಿ ಕಾಲುಚೀಲ. ಮನೆಗೆ ಬಂದು ಒಂದೊಂದು ಚಿತ್ರಕ್ಕೂ ಮೂರು ನಾಲ್ಕು ಸಾಲು ಬರೆದಿಡುತ್ತೇನೆ. ಆ ಹೊತ್ತು ಏನು ಯೋಚಿಸುತ್ತಿದ್ದೆ, ಬಿಸಿಲು ಎತ್ತಲಿಂದ ಬೀಳುತ್ತಿತ್ತು, ಅಷ್ಟೆ. ಯಾರಿಗೂ ಕಳಿಸುವ ಅಭ್ಯಾಸವಿಲ್ಲ. ಒಮ್ಮೆ ಮಾತ್ರ, ನನ್ನ ಜೊತೆ ಎಂ.ಎ. ಓದಿದ ಗೆಳತಿಯೊಬ್ಬಳು ಫೋನು ಕಿತ್ತುಕೊಂಡು ಎಲ್ಲವನ್ನೂ ನೋಡಿದಳು.

"ಒಬ್ರಾದ್ರೂ ಮನುಷ್ಯರಿದಾರೇನೇ ಇದ್ರಲ್ಲಿ? ನಿಮ್ಮ ಕಡೆ ಊರೆಲ್ಲ ಗುಳೆ ಹೋಗಿದ್ಯಾ?"

ನಾನು ನಕ್ಕು ಫೋನು ಇಸಿದುಕೊಂಡೆ. ಮನುಷ್ಯರ ಮುಖ ತೆಗೆಯಲು ನನಗೆ ಕೈ ಬರುವುದಿಲ್ಲ. ಅದಕ್ಕೆ ಕಾರಣ ನಾನು ಹುಟ್ಟಿ ಬೆಳೆದ ಮನೆಯಲ್ಲಿದೆ.

ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಮುಖ ಮಾಡಿದ ಮೊದಲ ಕೋಣೆ ಅಪ್ಪನ ಸ್ಟುಡಿಯೋ. ಅದರ ಹಿಂದೆ ನಾವು ಉಣ್ಣುವ, ಓದುವ, ಮಲಗುವ ನಡುಮನೆ. ಆಮೇಲೆ ಅಡುಗೆಮನೆ, ಅದರ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಉಗ್ರಾಣ. ಹಗಲೂ ಕತ್ತಲಿರುತ್ತಿದ್ದ ಆ ಉಗ್ರಾಣವೇ ಅಪ್ಪನ ಡಾರ್ಕ್ ರೂಮು. ಆದರೆ ರಾಗಿಹಿಟ್ಟಿನ ಡಬ್ಬ, ಬೇಳೆ, ಉಪ್ಪಿನ ಜಾಡಿಗಳಿಗೂ ಬೇರೆ ಜಾಗವಿರಲಿಲ್ಲ. ಹೀಗಾಗಿ ಒಂದು ಗೋಡೆಗೆ ದಿನಸಿ, ಇನ್ನೊಂದು ಗೋಡೆಗೆ ಫೋಟೋ ತೊಳೆಯುವ ತಟ್ಟೆಗಳು. ಒಳಗೆ ಕೆಂಪು ದೀಪ ಹೊತ್ತಿತೆಂದರೆ ಬಾಗಿಲು ತೆರೆಯುವ ಹಾಗಿಲ್ಲ. ತೆರೆದರೆ ಇಡೀ ದಿನದ ಕೆಲಸ ಕರ್ರಗಾಗಿಬಿಡುತ್ತಿತ್ತು. ನಮ್ಮ ಮನೆಯ ಮುಕ್ಕಾಲು ಜಗಳಗಳು ಆ ಬಾಗಿಲಿನ ಎರಡು ಬದಿಯಲ್ಲಿ ನಡೆದವು.

"ಎಸರು ಕುದ್ದು ಇಂಗ್ತಾ ಐತೆ, ಹಿಟ್ಟು ಒಳಗೈತೆ. ಬಾರೋ ಆಚೆಗೆ!" ಎಂದು ಅಜ್ಜಿ ಬಾಗಿಲು ಗುದ್ದುತ್ತಿದ್ದಳು. ಅವಳು ಅಪ್ಪನ ತಾಯಿ.

"ಅರ್ಧ ಮುಖ ಬಂದೈತೆ ಕಣವ್ವ, ಇನ್ನರ್ಧ ಬರ್ಲಿ."

"ನಿನ್ನ ಮುಖಗಳೆಲ್ಲ ಬರೋ ಹೊತ್ಗೆ ನಮ್ಮ ಮುಖ ಹೋಗಿರ್ತವೆ."

ಅಪ್ಪ ಸ್ಟುಡಿಯೋದಲ್ಲಿ ಕೂತಿದ್ದಕ್ಕಿಂತ ತಿರುಗಿದ್ದೇ ಹೆಚ್ಚು. ಮೊಪೆಡ್ಡಿನ ಹಿಂದೆ ಸ್ಟ್ಯಾಂಡಿನ ಮೂರು ಕಾಲನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿಕೊಂಡು ಇವತ್ತು ತರೀಕೆರೆಯ ಶಾಲೆ, ನಾಳೆ ಅಜ್ಜಂಪುರದ ಸಂತೆ, ನಾಡಿದ್ದು ಯಾವುದೋ ಹಳ್ಳಿಯ ಗೃಹಪ್ರವೇಶ. ರಜೆಯಿದ್ದಾಗ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಬಿಳಿ ಪಂಚೆಯೊಂದನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಬಿಸಿಲನ್ನು ಜನರ ಮುಖದ ಮೇಲೆ ತಿರುಗಿಸುವುದು ನನ್ನ ಕೆಲಸ. ಮೂಗಿನ ಕೆಳಗಿನ ನೆರಳು ಹೋಯಿತೆಂದರೆ ಅಪ್ಪ ತಲೆ ಆಡಿಸುತ್ತಿದ್ದ. ಮುಖವನ್ನು ಗಮನಿಸುವುದು ಆಗಲೇ ಕಲಿತೆ. ಜನರನ್ನು ಮಾತನಾಡಿಸುವುದನ್ನು ಕಲಿಯಲಿಲ್ಲ. ಪಂಚೆಯ ಹಿಂದೆ ನಿಂತವಳನ್ನು ಯಾರೂ ಮಾತನಾಡಿಸುವುದೂ ಇಲ್ಲ.

ಇವೆಲ್ಲಕ್ಕಿಂತ ಬೇರೆಯಾದ ಒಂದು ಕರೆ ಆಗಾಗ ಬರುತ್ತಿತ್ತು. ನಮ್ಮ ಕಡೆ ಮಠಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಬೆನ್ನಿಗೆ ಆಸರೆ ಕೊಟ್ಟು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣಿಗೆ ಕೊಡುವ ಮೊದಲು ಅಪ್ಪ ಹೋಗಿ ಒಂದು ಫೋಟೋ ತೆಗೆಯಬೇಕು. ಎಷ್ಟೋ ಜನಕ್ಕೆ ಬದುಕಿದ್ದಾಗ ಒಂದು ಫೋಟೋವೂ ಇರುತ್ತಿರಲಿಲ್ಲ, ಅದೇ ಮೊದಲನೆಯದು. ಅಂಥ ದಿನ ಅಪ್ಪ ಹಿತ್ತಲ ಬಾಗಿಲಿನಿಂದ ಬಂದು ತಲೆಗೆ ನೀರು ಹುಯ್ದುಕೊಂಡು, ಕ್ಯಾಮೆರಾದ ಚೀಲಕ್ಕೂ ಒಂದು ಬೆರಳು ವಿಭೂತಿ ಹಚ್ಚಿಯೇ ಒಳಗೆ ಬರುತ್ತಿದ್ದ. ಆಮೇಲೆ ಎದೆಯಿಂದ ಮೇಲಕ್ಕೆ ದೊಡ್ಡದು ಮಾಡಿ ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕುತ್ತಿದ್ದ. ಮುಚ್ಚಿದ ಕಣ್ಣಿನ ಫೋಟೋವನ್ನು ಗೋಡೆಗೆ ಯಾರೂ ಹಾಕುವುದಿಲ್ಲ. ಹನ್ನೊಂದನೆಯ ದಿನದ ಗಣಾರಾಧನೆಗೆ ಮುಂಚೆ ಅದರ ಕಣ್ಣು ಬಿಡಿಸಬೇಕು. ಆ ಕೆಲಸ ಅಮ್ಮನದು.

ಬೆಳಗಿನ ಹತ್ತು ಗಂಟೆಯ ಬೆಳಕಿನಲ್ಲಿ, ನಡುಮನೆಯ ಕಿಟಕಿಯ ಕೆಳಗೆ ಮಣೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂರುತ್ತಿದ್ದಳು. ಮೊದಲು ಬ್ಲೇಡಿನಿಂದ ರೆಪ್ಪೆಯ ಜಾಗವನ್ನು ಹದವಾಗಿ ಕೆರೆದು ಬಿಳುಪು ತರುವುದು. ನಾಲ್ಕೇ ಕೂದಲು ಉಳಿಸಿದ ಬ್ರಷ್ಷಿನಿಂದ ಕರಿಗುಡ್ಡೆ ಬರೆಯುವುದು. ಕೊನೆಗೆ ಕರಿಗುಡ್ಡೆಯ ಮೇಲೆ ಬ್ಲೇಡಿನ ತುದಿಯಲ್ಲಿ ಒಂದೇ ಒಂದು ಚುಕ್ಕೆ ಕೆರೆಯುವುದು. ಆ ಚುಕ್ಕೆ ಬಿದ್ದ ಕ್ಷಣ ಮಣೆಯ ಮೇಲಿನ ಮುಖ ನಮ್ಮನ್ನು ನೋಡಲು ಶುರುಮಾಡುತ್ತಿತ್ತು. "ಬ್ರಹ್ಮ ಮುಚ್ಚಿದ್ನ ನಮ್ಮನೆ ಸೊಸೆ ಬಿಡಿಸ್ತಾಳೆ" ಎಂದು ಅಜ್ಜಿ ಅಣಕಿಸುತ್ತಿದ್ದಳು. ಆದರೆ ಅಮ್ಮ ಆ ಸತ್ತವರನ್ನು ಎಂದೂ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಮನೆಯ ಕಣ್ಣುಗಳು ಮಾತ್ರ. ಸತ್ತವರು ಮುದುಕರಾದರೆ ಅಜ್ಜಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ನಡುವಯಸ್ಸಿನ ಹೆಂಗಸಾದರೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ಚಿಕ್ಕ ವಯಸ್ಸಿನವರಾದರೆ ನನ್ನನ್ನು ಕರೆಯುತ್ತಿದ್ದಳು. "ಅಲ್ಲಾಡಬೇಡ, ನನ್ನ ಹಣೆ ನೋಡು" ಎನ್ನುತ್ತಿದ್ದಳು. ಹೀಗೆ ಹೆಸರೂ ಗೊತ್ತಿಲ್ಲದ ಹಳ್ಳಿಗಳ ಗೋಡೆಗಳ ಮೇಲೆ ನಮ್ಮ ಮನೆಯವರ ಕಣ್ಣುಗಳು ಸೇರಿಕೊಂಡವು. ಇದನ್ನು ಹೊರಗೆ ಹೇಳಬಾರದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫೋಟೋ ಒಯ್ಯಲು ಬಂದವರು, "ಥೇಟ್ ಅವರೇ ಕಣ್ರೀ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರೂ ಹಾಗೇ ಹೇಳುತ್ತಿದ್ದರು. ಅದರಿಂದ ಅಮ್ಮನಿಗೆ ಇದರಲ್ಲಿ ಮೋಸವಿದೆ ಎಂದು ಅನ್ನಿಸಿರಲಿಲ್ಲ, ನನಗೂ ಇಲ್ಲ.

ನನಗೆ ಹನ್ನೊಂದು ತುಂಬಿದ್ದಾಗ ಚೌಳಹಿರಿಯೂರಿನ ಹಾಲಮ್ಮ ಬಂದಳು. ಅವಳ ಒಬ್ಬನೇ ಮಗ ಓಂಕಾರ ತೆಂಗಿನ ಮರದಿಂದ ಬಿದ್ದು ತೀರಿಕೊಂಡಿದ್ದ. ಇಪ್ಪತ್ತು ತುಂಬಿರಲಿಲ್ಲ. ಅಪ್ಪ ಹೋಗಿ ಫೋಟೋ ತೆಗೆದು ತಂದಿದ್ದ, ಅಮ್ಮ ನನ್ನನ್ನು ಕೂರಿಸಿ ಕಣ್ಣು ಬಿಡಿಸಿದ್ದಳು, ಅವರ ಮನೆಯವರು ಯಾರೋ ಬಂದು ಹನ್ನೊಂದನೆಯ ದಿನಕ್ಕೆ ಒಯ್ದಿದ್ದರು. ಅದಾಗಿ ಒಂದು ವಾರಕ್ಕೆ ಸಂತೆಯ ದಿನ, ಆ ಫೋಟೋವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಹಾಲಮ್ಮ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಎರಡು ತೆಂಗಿನಕಾಯಿ.

"ಫೋಟೋದಣ್ಣ, ಮೈಯೆಲ್ಲ ನನ್ನ ಮಗಂದೇ ಐತೆ. ಕಣ್ಣು ಬೇರೆ ಯಾರ್ದೋ ಐತೆ."

ಅಪ್ಪ ಫೋಟೋ ತಿರುಗಿಸಿ ಮುರುಗಿಸಿ ನೋಡಿದ. ಬೆಳಕು, ನೆರಳು ಎಂದು ಏನೇನೋ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ನಂಗೊತ್ತಿಲ್ಲ ಕಣಣ್ಣ. ಬೆಳಗ್ಗೆ ಎದ್ದು ಇವನ ಮುಂದೆ ಕೂತ್ಕೊಂಡ್ರೆ, ಯಾರೋ ನೆಂಟರ ಮನೆ ಕೂಸು ನೋಡ್ದಂಗಾಯ್ತದೆ. ಮಾತೇ ಬರಾಕಿಲ್ಲ. ಇವನ ಕಣ್ಣು ಒಂದು ಸರಿ ಮಾಡ್ಕೊಡು, ಇನ್ನೇನೂ ಬ್ಯಾಡ."

ನಡುಮನೆಯ ಪರದೆಯ ಹಿಂದೆ ನಿಂತಿದ್ದ ನಾನು ಅಮ್ಮನನ್ನು ನೋಡಿದೆ. ಅಮ್ಮ ಸೀರೆಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕಣ್ಣು ಬರೆಯುವವನು ಅಪ್ಪನೇ ಎಂದು ಊರೆಲ್ಲ ತಿಳಿದಿತ್ತು. ಅಮ್ಮ ಆ ದಿನದವರೆಗೆ ಗಿರಾಕಿಗಳ ಎದುರಿಗೆ ಬಂದಿರಲಿಲ್ಲ.

"ಬರೆಯೋಳು ನಾನು ಕಣಮ್ಮ. ಒಳಗೆ ಬನ್ನಿ. ಹೆಂಗಿತ್ತು ಅಂತ ಹೇಳಿ, ಬರೀತೀನಿ."

ಒಳಗೆ ಬಂದ ಹಾಲಮ್ಮ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಮಗನನ್ನು ನೋಡಿಕೊಂಡೇ ಹೇಳುತ್ತಿರುವಂತೆ ಒಂದೊಂದಾಗಿ ಹೇಳತೊಡಗಿದಳು. ಉಣ್ಣಲು ಕೂತವನು ಒಂದು ಸಲ ತಲೆಯೆತ್ತಿ ನೋಡಿದನೆಂದರೆ ಸಾರಿಗೆ ಉಪ್ಪು ಕಮ್ಮಿ ಎಂದರ್ಥವಂತೆ. ಎರಡು ಸಲ ನೋಡಿದರೆ ಇನ್ನೊಂದು ಮುದ್ದೆ ಬೇಕೆಂದು. ಸುಳ್ಳು ಹೇಳುವಾಗ ಅವಳ ಕಿವಿಯೋಲೆ ನೋಡುತ್ತಿದ್ದನಂತೆ. ಹೇಳುತ್ತ ಹೇಳುತ್ತ ನಗುತ್ತಿದ್ದಳು. ಅಮ್ಮ ಬ್ರಷ್ಷು ಹಿಡಿದು ಕಾಯುತ್ತಿದ್ದಳು. ಅಗಲವೋ ಕಿರಿದೋ, ಗುಡ್ಡೆ ಪೂರ್ತಿ ಕಾಣುತ್ತಿತ್ತೋ ಅರ್ಧವೋ ಎಂದು ಅಮ್ಮ ಕೇಳಿದರೆ ಹಾಲಮ್ಮ ಕಣ್ಣು ಬಿಟ್ಟು ಪೆಚ್ಚಾಗಿ ನೋಡುತ್ತಿದ್ದಳು.

"ಅದನ್ನ ಯಾರು ನೋಡವ್ರೆ ತಾಯಿ? ಮಗನ ಕಣ್ಣು. ಮಗನ ಕಣ್ಣಿನಂಗಿತ್ತು."

ಅಪ್ಪ ಹೊಸದಾಗಿ ಅಚ್ಚು ಹಾಕಿಕೊಟ್ಟ. ಗಂಡಸಿನ ಕಣ್ಣಾದರೆ ಹೊಂದಬಹುದೆಂದು ಅಮ್ಮ ಅಪ್ಪನನ್ನೇ ಕಿಟಕಿಯ ಕೆಳಗೆ ಕೂರಿಸಿದಳು. ದಿನಕ್ಕೆ ಹತ್ತು ಜನರನ್ನು "ಅಲ್ಲಾಡಬೇಡಿ" ಎಂದು ಗದರಿಸುವ ಮನುಷ್ಯನಿಗೆ ಐದು ನಿಮಿಷ ಕೂರಲಾಗಲಿಲ್ಲ. ಮುಂದಿನ ಸಂತೆಗೆ ಹಾಲಮ್ಮ ಬಂದು ಆ ಎರಡನೆಯ ಫೋಟೋ ನೋಡಿದಳು.

"ಇದು ಯಾರೋ ಅವಸರದ ಮನುಷ್ಯಂದು. ಬಸ್ಸಿಗೆ ಹೊಂಟವನಂಗೆ ನೋಡ್ತಾನೆ."

ಅಜ್ಜಿ ಬಾಯಿಗೆ ಸೆರಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಮೂರನೆಯ ಸಲ ಅಮ್ಮ ಹಾಲಮ್ಮನನ್ನೇ ಎದುರಿಗೆ ಕೂರಿಸಿಕೊಂಡಳು. ಹೆತ್ತವಳ ಕಣ್ಣು ಮಗನಿಗೆ ಸ್ವಲ್ಪವಾದರೂ ಬಂದಿರಬೇಕಲ್ಲ. ಅಷ್ಟು ಚೆನ್ನಾಗಿ ಅಮ್ಮ ಬರೆದದ್ದನ್ನು ನಾನು ಮತ್ತೆ ನೋಡಲಿಲ್ಲ. ಮುಗಿಯುವವರೆಗೆ ಯಾರೂ ಉಣ್ಣಲಿಲ್ಲ. ಹಾಲಮ್ಮ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಾನು," ಎಂದಳು. "ನಾನೇ ಅತ್ಕೊಂಡು ಕೂತಿವ್ನಿ. ಇವನೆಲ್ಲಿ?"

ಆ ದಿನ ಹೊರಟು ನಿಂತಾಗ ಅವಳಿಗೆ ಒಂದು ನೆನಪಾಯಿತು. ಓಂಕಾರ ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನೇ ಅವರ ಶಾಲೆಗೆ ಹೋಗಿ ಗ್ರೂಪ್ ಫೋಟೋ ತೆಗೆದಿದ್ದನಂತೆ. ಇವರ ಮನೆಯಲ್ಲಿ ಅದರ ಪ್ರತಿ ಕೊಂಡಿರಲಿಲ್ಲ. ಶಾಲೆಯ ಗೋಡೆಯ ಮೇಲಿದ್ದದ್ದಕ್ಕೆ ಗೆದ್ದಲು ಹಿಡಿದಿತ್ತು. ಅವಳು ಮಗನ ಜೊತೆ ಓದಿದವರ ಮನೆ ಮನೆ ಅಲೆದು ಒಂದನ್ನು ಹುಡುಕಿ ಮುಂದಿನ ವಾರ ತಂದಳು. ಅಂಗೈಯಗಲದ ಕಾಗದದಲ್ಲಿ ನಲವತ್ತು ಮಕ್ಕಳು. ಹಿಂದಿನ ಸಾಲಿನ ಕೊನೆಯವನು ಓಂಕಾರ. ಮುಖ ಒಂದು ಅವರೆಕಾಳಿನಷ್ಟು. ಕಣ್ಣೆಂದರೆ ಎರಡು ಕಪ್ಪು ಚುಕ್ಕೆ. ಅಪ್ಪ ಭೂತಗನ್ನಡಿ ಹಿಡಿದ. ದೊಡ್ಡದಾದದ್ದು ಚುಕ್ಕೆಗಳು ಮಾತ್ರ. ಅಷ್ಟು ನೋಡಿದ ಮೇಲೂ ಅಪ್ಪನ ಮುಖ ಗೆಲುವಾಯಿತು.

"ನೆಗೆಟಿವ್ ಇದ್ರೆ ಆಯ್ತು ಬಿಡಮ್ಮ. ಅಗಲ ಫಿಲ್ಮಲ್ಲಿ ತೆಗೆದಿದ್ದು. ಇವನೊಬ್ಬನ್ನೇ ದೊಡ್ಡದು ಮಾಡಿದ್ರೆ ರೆಪ್ಪೆ ಕೂದಲೂ ಸಿಗ್ತದೆ. ಏನೇ, ನೆಗೆಟಿವ್ ಇಟ್ಟಿರೋ ಆ ಬಿಸ್ಕತ್ತಿನ ಡಬ್ಬಗಳನ್ನ ಇಳಿಸು."

ಅಮ್ಮ ಅಲ್ಲಾಡಲಿಲ್ಲ.

ಆ ವರ್ಷದ ಬೇಸಿಗೆ ರಜೆಯಲ್ಲಿ, ಹಳೆಯ ಫಿಲ್ಮು, ಎಕ್ಸ್‌ರೇ ಕೊಂಡು ಸ್ಟೀಲು ಪಾತ್ರೆ ಕೊಡುವವನೊಬ್ಬ ಸೈಕಲ್ಲಿನಲ್ಲಿ ಬಂದಿದ್ದ. ಅದರಿಂದ ಬೆಳ್ಳಿ ತೆಗೆಯುತ್ತಾರೆಂದು ಹೇಳುತ್ತಿದ್ದರು. ಉಗ್ರಾಣದಲ್ಲಿ ನೆಗೆಟಿವ್ ಡಬ್ಬಗಳು ಏರಿ ಏರಿ ಹಿಟ್ಟಿನ ಡಬ್ಬಕ್ಕೇ ಜಾಗವಿಲ್ಲವಾಗಿತ್ತು. ಅಪ್ಪ ತರೀಕೆರೆಗೆ ಹೋಗಿದ್ದ. ಐದು ವರ್ಷ ದಾಟಿದ್ದನ್ನು ಇಡಬೇಕಿಲ್ಲವೆಂಬ ನಿಯಮ ಅಪ್ಪನದೇ. ಆದರೆ ಅದನ್ನು ಅವನು ಒಂದು ಸಲವೂ ಪಾಲಿಸಿರಲಿಲ್ಲ. ಅಮ್ಮ ಆ ಕೆಲಸವನ್ನು ನನಗೆ ಕೊಟ್ಟಳು. ನಾನು ಅಚ್ಚುಕಟ್ಟಿನ ಹುಡುಗಿ. ನೆಲದ ಮೇಲೆ ಸಾಲಾಗಿ ಕವರುಗಳನ್ನು ಜೋಡಿಸಿ, ಮೇಲೆ ಬರೆದ ವರ್ಷ ಓದಿ, ಇಡುವುದು ಈ ಕಡೆ, ಕೊಡುವುದು ಆ ಕಡೆ ಮಾಡಿದೆ. ಬೇಸರವಾದಾಗ ಒಂದೊಂದನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಚೌಳಹಿರಿಯೂರಿನ ಕವರು ನನಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಆ ಊರಿನ ಹೆಸರನ್ನು ಅಪ್ಪ ತಪ್ಪಾಗಿ ಬರೆದು ಹೊಡೆದು ಮತ್ತೆ ಬರೆದಿದ್ದ. ಅದನ್ನೂ ಬೆಳಕಿಗೆ ಹಿಡಿದಿದ್ದೆ. ಬಿಳಿ ಕೂದಲು, ಕಪ್ಪು ಹಲ್ಲಿನ ನಲವತ್ತು ಮಕ್ಕಳು ನನ್ನನ್ನು ನೋಡಿದ್ದರು. ಹಿಂದಿನ ಸಾಲಿನ ಕೊನೆಯವನನ್ನೂ ಆಗ ನೋಡಿಯೇ ಇರಬೇಕು. ಐದು ವರ್ಷ ದಾಟಿತ್ತು. ಆ ಕಡೆಗೆ ಹಾಕಿದೆ. ಮೂರು ತಟ್ಟೆ, ಒಂದು ಸೌಟು ಬಂದವು.

ಅಪ್ಪನೇ ಸ್ಟೂಲು ಹತ್ತಿ ಡಬ್ಬ ಇಳಿಸಿದ. ಇದ್ದವು ಎರಡೇ. ಅವನು ಅಮ್ಮನ ಮುಖ ನೋಡಿದ, ಆಮೇಲೆ ನನ್ನ ಮುಖ. ಹೊರಗೆ ಹೋಗಿ ಹಾಲಮ್ಮನಿಗೆ, "ಸಿಗ್ತಿಲ್ಲ ಕಣಮ್ಮ, ಹಾಳಾಗಿರ್ಬೇಕು" ಎಂದ. ಅವಳು ಅದಕ್ಕೂ ತಲೆಯಾಡಿಸಿದಳು. "ಹೋಗ್ಲಿ ಬಿಡು, ಮನುಷ್ಯನೇ ಹೋದ. ನೀನೇನು ಮಾಡ್ತೀಯ" ಎಂದು ಅಪ್ಪನಿಗೇ ಸಮಾಧಾನ ಹೇಳಿ ಬಸ್ಸಿಗೆ ಹೋದಳು. ಆ ರಾತ್ರಿಯ ಊಟದಲ್ಲಿ ಜಗಳ ಶುರುವಾದದ್ದು ಮಾತ್ರ ಅಮ್ಮನಿಂದ.

"ಸುಳ್ಳು ಯಾಕೆ ಹೇಳಿದ್ರಿ? ಮಾರಿದ್ವಿ ಅನ್ನಬೇಕಿತ್ತು."

"ಪಾತ್ರೆಗೆ ಹಾಕಿದ್ವಿ ಅಂತ ಆ ತಾಯಿಗೆ ಹೆಂಗೇ ಹೇಳ್ಲಿ? ನೀನು ಹೇಳ್ತೀಯಾ? ಮುಂದಿನ ಸಂತೆಗೆ ಬತ್ತಾಳೆ, ಹೇಳು."

ಅಮ್ಮ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಹೇಳಲು ಬರುವಂಥದ್ದೇ ಅದು, ಒಂದು ವಾಕ್ಯ. ಬಾಯಿಗೆ ಬಂದಾಗಲೆಲ್ಲ ಆಮೇಲೆ ಏನು ಎಂಬುದು ಹೊಳೆಯುತ್ತಿರಲಿಲ್ಲ. ಹೇಳಿದರೂ ಕಣ್ಣು ಬರುತ್ತಿರಲಿಲ್ಲ. ಮುಂದೆ ನಾನು ಕಲಿತ ಮೌನಕ್ಕೆ ಬೇರೆ ಕಾರಣಗಳನ್ನು ಜನ ಹೇಳುತ್ತಾರೆ, ಗಂಭೀರ ಸ್ವಭಾವ ಎನ್ನುತ್ತಾರೆ. ನನಗೆ ಗೊತ್ತಿರುವ ಕಾರಣ ಇದೊಂದೇ. ಭಾನುವಾರದ ಬಸ್ಸು ಈಗಲೂ ಕೆಲವು ಸಲ ಚೌಳಹಿರಿಯೂರಿನ ಮೇಲೆ ಹಾದುಹೋಗುತ್ತದೆ. ನಾನು ಇಳಿದಿಲ್ಲ.

ಅಮ್ಮ ನಾಲ್ಕನೆಯದನ್ನು ಬರೆದಳು. ಈ ಸಲ ಯಾರನ್ನೂ ಎದುರಿಗೆ ಕೂರಿಸಿಕೊಳ್ಳಲಿಲ್ಲ. ಉಪ್ಪು ಕಮ್ಮಿಯಾದಾಗ ತಲೆಯೆತ್ತುವವನನ್ನು, ಸುಳ್ಳು ಹೇಳುತ್ತ ಕಿವಿಯೋಲೆ ನೋಡುವವನನ್ನು, ಹಾಲಮ್ಮ ಹೇಳಿದ ಮಾತಿನಿಂದಲೇ ಬರೆಯಲು ನೋಡಿದಳು. ಮೂರು ಬೆಳಗು ಹಿಡಿಯಿತು. ಒಮ್ಮೆ ನನ್ನನ್ನು ಕರೆದು, "ನೋಡು, ಇವನಿಗೆ ಹಸಿವಾದಂಗೆ ಕಾಣ್ತದಾ?" ಎಂದು ಕೇಳಿದಳು. ನಾನು ಹೌದೆಂದೆ. ಕಾಣುತ್ತಿರಲಿಲ್ಲ. ಆಮೇಲೂ ಅಮ್ಮ ಎಷ್ಟೋ ವರ್ಷ ಬೇರೆಯವರ ಕಣ್ಣು ಬಿಡಿಸಿದಳು. ಊರಿಗೆ ಕಂಪ್ಯೂಟರು ಬಂದು ಆ ಕೆಲಸವೇ ನಿಲ್ಲುವವರೆಗೂ. ಆದರೆ ಕೊನೆಯ ಚುಕ್ಕೆ ಕೆರೆಯುವಾಗ ನಮಗೆ ಕಾಣದ ಹಾಗೆ ಮಣೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ಸಂತೆಯ ದಿನ ಹಾಲಮ್ಮ ಬಂದಳು. ಮೊದಲನೆಯದನ್ನೂ ತಂದಿದ್ದಳು. ಅಮ್ಮ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಒಂದೇ ವಿಭೂತಿ, ಒಂದೇ ಹೂವಿನ ಹಾರ, ಒಂದೇ ತುಟಿ. ನಾಲ್ಕು ಬೇರೆ ಬೇರೆ ನೋಟ. ಹಾಲಮ್ಮ ನಾಲ್ಕನೆಯದರ ಮೇಲೆ ಬಾಗಿದಳು, ಆಮೇಲೆ ಹಿಂದೆ ಸರಿದು ಕೂತಳು.

"ಇನ್ನೂ ಸರಿ ಮಾಡಬಹುದು," ಎಂದಳು ಅಮ್ಮ. "ಇನ್ನೊಂದು ಸಲ ಹೇಳಿ. ಮುಂಚಿನಂಗೆ ಕಣ್ಣು ಮುಚ್ಕೊಂಡು ಹೇಳಿ, ಹಾಲಮ್ಮನೋರೆ."

ಹಾಲಮ್ಮ ಕಣ್ಣು ಮುಚ್ಚಿದಳು. ಅಜ್ಜಿ ಕೂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೊರಗೆ ಅಪ್ಪ ಯಾರಿಗೋ ಗದ್ದ ಎತ್ತಿ ಎಂದು ಹೇಳುತ್ತಿದ್ದದ್ದು ಕೇಳುತ್ತಿತ್ತು. ನಾವು ಕಾದೆವು. ಅವಳ ತುಟಿ ಒಮ್ಮೆ ಅಲ್ಲಾಡಿತು, ಮತ್ತೆ ನಿಂತಿತು.

"ಬತ್ತಿಲ್ಲ ಕಣವ್ವ."

"ಏನು ಬರ್ತಿಲ್ಲ?"

"ಅವನು. ಕಣ್ಣು ಮುಚ್ಚಿದ್ರೆ ಇವೇ ಬತ್ತವೆ, ನೀನು ಬರ್ದವು. ಒಂದಾದ ಮ್ಯಾಲೊಂದು. ಮೊದಲ ಸಲ ನಿಮ್ಮನೆಗೆ ಬಂದಾಗ ಚೆನ್ನಾಗೇ ಬತ್ತಿದ್ದ. ಹೋದ ವಾರ ಬಸ್ಸಲ್ಲೂ ಬಂದಿದ್ದ, ಕಿಟಕಿ ಕಡೆ ತಿರುಕೊಂಡಿದ್ದ. ಈಗ ತಿರುಗಿದ್ರೆ ನೀನು ಬರ್ದ ಕಣ್ಣು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅಮ್ಮ ಬ್ರಷ್ಷು ಕೆಳಗಿಟ್ಟಳು. ಹಾಲಮ್ಮ ನಾಲ್ಕು ಫೋಟೋಗಳನ್ನೂ ವೀಳ್ಯದೆಲೆ ಕೂಡಿಸುವ ಹಾಗೆ ಒಂದರ ಮೇಲೊಂದು ಕೂಡಿಸಿ, ಬೋರಲು ಹಾಕಿ, ಮೇಲೆ ಕೆಳಗೆ ಮಾಡಿ ಕಲಸಿ, ಚಾಪೆಯ ಮೇಲೆ ಅಂಚು ಕುಟ್ಟಿ ಸರಿ ಮಾಡಿ ನಮ್ಮ ಕಡೆ ತಳ್ಳಿದಳು.

"ಯಾವ್ದಾದ್ರೂ ಒಂದು ಸುತ್ತಿ ಕೊಡಿ. ಬಸ್ಸಿಗೆ ಹೊತ್ತಾಯ್ತು."

ಅಮ್ಮನ ಕೈ ಏಳಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಮೇಲಿನದನ್ನು ಹಾಗೆಯೇ ಬೋರಲಾಗಿ ಎತ್ತಿ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟೆ. ಹಾಲಮ್ಮ ನನ್ನ ತಲೆ ಮುಟ್ಟಿ ಹೋದಳು. ಉಳಿದ ಮೂರನ್ನು ಸಂಜೆ ಅಪ್ಪ ಬಚ್ಚಲ ಒಲೆಗೆ ಹಾಕಿದ, ತಿರುಗಿಸಿ ನೋಡದೆ. ಚೌಳಹಿರಿಯೂರಿನ ಆ ಗೋಡೆಯ ಮೇಲೆ ಇರುವುದು ಯಾರ ಕಣ್ಣು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.